ದೊಡ್ಡಪ್ಪನ ಹಸಿರು ಮೀಸೆ

ಕಳೆದ ಶನಿವಾರ ಸಂಜೆ ತರೀಕೆರೆಯಲ್ಲಿ ನಮ್ಮ ದೊಡ್ಡಪ್ಪನ ಮೀಸೆ ಹಸಿರಾಯಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರ ಮಗಳನ್ನು ನೋಡಲು ಕಡೂರಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಇಷ್ಟಕ್ಕೆಲ್ಲ ಕಾರಣ ಯಾರು? ನಾನೇ.

ದೊಡ್ಡಮ್ಮ ಒಮ್ಮೆ ಪ್ಯಾಕೆಟ್ ಡೈ ಹಚ್ಚಿ ಕಣ್ಣು ಊದಿಸಿಕೊಂಡವರು. ಆಮೇಲೆ ಅಜ್ಜಂಪುರದ ಅವರಕ್ಕ ಕೊಟ್ಟ ಬೀಜ ತಂದು ತೆಂಗಿನ ತೋಟದ ಬದುವಿನಲ್ಲಿ ಕೂದಲಿಗೆ ಬಣ್ಣ ಕೊಡುವ ನೀಲಿ ಗಿಡ ಬೆಳೆಸಿದರು. ಗುಲಾಬಿ ಬಣ್ಣದ ಪುಟ್ಟ ಹೂ. ಹೂ ಕಾಣುವ ಹೊತ್ತಿಗೆ ಸೊಪ್ಪು ಕೊಯ್ದು, ನೆರಳಲ್ಲಿ ಒಣಗಿಸಿ, ಮಿಕ್ಸಿಗೆ ಹಾಕಿ ಡಬ್ಬಿ ತುಂಬಿದರು. ಹೆಣ್ಣು ನೋಡುವ ದಿನಕ್ಕೆ ಅವರ ತಲೆ ಕಪ್ಪಾಗಬೇಕಿತ್ತು.

ನಾನು ಬಿಡುತ್ತೇನೆಯೇ? ನ್ಯಾಚುರಲ್ ಆದದ್ದೆಲ್ಲ ಸೇಫಾ, ದತ್ತೂರಿಯೂ ನ್ಯಾಚುರಲ್ಲೇ ಎಂದೆ. (ಕಾಲೇಜಿನಲ್ಲಿ ಡಿಬೇಟ್ ಕಪ್ ಗೆದ್ದವರ ಕಾಯಿಲೆ ಇದು.) ಕಿವಿಯ ಹಿಂದೆ ಹಚ್ಚಿ ಒಂದು ದಿನ ಕಾಯಿರಿ ಎಂದೆ. ಕಾದರು, ತುರಿಕೆ ಬರಲಿಲ್ಲ. ಸರಿ, ಬಣ್ಣ ಬರುತ್ತದೆ ಅನ್ನುವುದಕ್ಕೆ ಪ್ರೂಫ್ ಏನು? ಮೊದಲು ಬೇರೆ ಯಾರದಾದರೂ ಬಿಳಿ ಕೂದಲಿನ ಮೇಲೆ ನೋಡೋಣ ಎಂದೆ. ಇಬ್ಬರೂ ದೊಡ್ಡಪ್ಪನ ಕಡೆ ತಿರುಗಿದೆವು. ಪಾಪ, ಪೇಪರ್ ಓದುತ್ತಿದ್ದರು.

ಶನಿವಾರ ಬೆಳಿಗ್ಗೆ ಮೊದಲು ಗೋರಂಟಿ ಹಚ್ಚಿದಾಗ ಮೀಸೆ ಕಿತ್ತಳೆಯಾಯಿತು. ಮಧ್ಯಾಹ್ನ ಅದರ ಮೇಲೆ ಬೆಚ್ಚನೆಯ ನೀರಲ್ಲಿ ಕಲಸಿದ ನೀಲಿ ಸೊಪ್ಪಿನ ಪುಡಿ. ಎರಡು ಗಂಟೆ ಬಿಟ್ಟು ತೊಳೆದರೆ ಪಾಚಿ ಬಣ್ಣ.

"ಲೇ, ನಾಳೆ ಅವ್ರ ಮುಂದೆ ಗಿಳಿ ಥರ ಕೂತ್ಕಳ್ಲೇನೇ?" ಎಂದ ದೊಡ್ಡಪ್ಪ ರೇಜರ್ ಹಿಡಿದರು. ಮೀಸೆಯಿಲ್ಲದ ದೊಡ್ಡಪ್ಪನನ್ನು ಮದುವೆ ಫೋಟೊದಲ್ಲೂ ಯಾರೂ ನೋಡಿಲ್ಲ. ನಾನೋ, ಬೋಳಿಸುವುದರ ಪರವಾಗಿಯೇ ವಾದಿಸಿದೆ. ಸಾಕ್ಷಿ ಕನ್ನಡಿಯಲ್ಲೇ ಇದೆಯಲ್ಲ?

ದೊಡ್ಡಮ್ಮ ರೇಜರ್ ಕಿತ್ತುಕೊಂಡರು. "ಅದುಕ್ಕೆ ಗಾಳಿ ಸೋಕ್ಬೇಕು ಅಂದವ್ಳೆ ನಮ್ಮಕ್ಕ. ಬೆಳಿಗ್ಗೆವರ್ಗೂ ಬಾಯ್ ಮುಚ್ಕಂಡಿರು ಕಣೇ."

ಬೆಳಿಗ್ಗೆ ಎದ್ದವಳೇ ಮೊದಲು ನೋಡಿದ್ದು ದೇವರ ಫೋಟೊವನ್ನಲ್ಲ, ಆ ಮೀಸೆಯನ್ನು. ಕಪ್ಪು. ಮಿರಮಿರ ಮಿಂಚುವ ಕಪ್ಪು. ಹೋದ ಜೀವ ಬಂದಂತಾಯಿತು. ದೊಡ್ಡಪ್ಪ ಕನ್ನಡಿ ಬಿಟ್ಟು ಕದಲಲಿಲ್ಲ.

ಗಂಡಿನ ತಂದೆಯದು ಪೂರ್ತಿ ಬಿಳಿ ಮೀಸೆ. ಉಪ್ಪಿಟ್ಟು ತಿನ್ನುವಷ್ಟು ಹೊತ್ತೂ ಎದುರಿನ ಮೀಸೆಯನ್ನೇ ನೋಡುತ್ತಿದ್ದರು. ಹುಡುಗಿಯ ವಿಷಯ ಮನೆಗೆ ಹೋಗಿ ತಿಳಿಸುತ್ತಾರಂತೆ. ನೀಲಿ ಗಿಡದ ಬೀಜ ಮಾತ್ರ ಅವತ್ತೇ ಒಯ್ದರು. ದೊಡ್ಡಮ್ಮನ ತಲೆ ಬಿಳಿಯಾಗಿಯೇ ಉಳಿಯಿತು (ನನ್ನ ಟೆಸ್ಟ್ ಮುಗಿಯುವಷ್ಟರಲ್ಲಿ ಟೈಮ್ ಎಲ್ಲಿತ್ತು?).

ಆ ಸಂಜೆ ವಾದದಲ್ಲಿ ನಾನು ಗೆದ್ದಿದ್ದರೆ ದೊಡ್ಡಪ್ಪನ ಮೀಸೆ ಹೋಗಿರುತ್ತಿತ್ತು, ಮತ್ತು ನಾನು ಹೇಳಿದ್ದೇ ಸರಿ ಎಂದು ಇವತ್ತಿಗೂ ನಂಬಿರುತ್ತಿದ್ದೆ.