ಆಕೆ ಬರೆದುಕೊಟ್ಟ ಪೂಜೆ

ಆದೋನಿಯ ಆ ಕೌನ್ಸೆಲರಮ್ಮನ ಕೊರಳಲ್ಲಿ ತುಳಸಿಮಣಿ ಸರ ಕಂಡ ಕೂಡಲೇ ನನ್ನ ಬಾಯಿಗೆ ಬೀಗ ಬಿತ್ತು. ಆಕೆ ವೈಷ್ಣವರಾಕೆ, ನಾನು ಲಿಂಗಾಯತಳು. ನಿದ್ದೆ ಬರುತ್ತಿಲ್ಲವೆಂದು ಡಾಕ್ಟರು ಕಳಿಸಿದ್ದರು, ಹೋಗಿದ್ದೆ ಅಷ್ಟೆ. ಮನೆಯ ಗುಟ್ಟನ್ನು ಬೇರೆ ಮತದವರ ಮುಂದೆ ಬಿಚ್ಚಿಡುವಷ್ಟು ದಡ್ಡಿ ನಾನಲ್ಲ.

ಗುಟ್ಟು ನನ್ನ ಎದೆಯ ಮೇಲೇ ತೂಗುತ್ತಿತ್ತು. ಹೆರಿಗೆಯಲ್ಲಿ ಉಸಿರಿಲ್ಲದೆ ಬಂದ ಮಗಳನ್ನು ಮಣ್ಣಿಗೆ ಒಯ್ಯುವ ಮುಂಚೆ, ಯಾರೂ ನೋಡದಾಗ, ನನ್ನ ಇಷ್ಟಲಿಂಗವನ್ನು ಕೊರಳಿನ ಬೆಳ್ಳಿ ಕರಡಿಗೆಯಿಂದ ತೆಗೆದು ಅವಳ ಬಟ್ಟೆಯ ಮಡಿಕೆಯೊಳಗೆ ಇಟ್ಟಿದ್ದೆ. ನಮ್ಮಲ್ಲಿ ಲಿಂಗವಿಲ್ಲದೆ ಮಣ್ಣು ಮಾಡುವುದಿಲ್ಲ. ಉಸಿರೇ ಆಡಲಿಲ್ಲ, ಇದಕ್ಕೆ ಯಾಕೆ ಎಂದು ಹಿರಿಯರು ಅಂದಿದ್ದರು. ಅಂದಿನಿಂದ ಕರಡಿಗೆ ಖಾಲಿ. ಲಿಂಗ ಬಿಟ್ಟವಳೆಂದು ಅತ್ತೆಗೆ ತಿಳಿದರೆ ಆ ಮನೆಯಲ್ಲಿ ನನ್ನ ಗತಿ ಏನು ಎಂಬುದೇ ಕೊರೆಯುತ್ತಿತ್ತು.

ಮೊದಲ ದಿನವೇ ಆಕೆ, ಪೂಜೆ ಮಾಡುವ ರೂಢಿ ಇದೆಯೇ ಎಂದು ಕೇಳಿದರು. ಯಾಕೆ ಕೇಳುತ್ತಾಳೆ? ಯಾರು ಹೇಳಿದರು? ನಮ್ಮ ಪತ್ತಿಕೊಂಡದಲ್ಲೂ ಆಕೆಗೆ ಬಳಗ ಇದ್ದೇ ಇರುತ್ತದೆ. ದಿನಾ ಅಂಗೈಯಲ್ಲಿ ಲಿಂಗ ಇಟ್ಟು ಪೂಜಿಸುತ್ತೇನೆ, ಆಗಷ್ಟೇ ಮನಸ್ಸು ತಣ್ಣಗಿರುತ್ತದೆ ಎಂದು ಸುಳ್ಳು ಬಿಟ್ಟೆ. ಆಕೆ ಬರೆದುಕೊಂಡರು. ಏನು ಬರೆದುಕೊಂಡರೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಉರಿದುಕೊಂಡೆ.

ಮುಂದಿನ ವಾರ, ನಮ್ಮ ಪದ್ಧತಿಯನ್ನು ಗೌರವಿಸಬೇಕೆಂದೇ ಇರಬೇಕು, ನನ್ನ ಸುಳ್ಳನ್ನೇ ಔಷಧಿ ಮಾಡಿ ಬರೆದುಕೊಟ್ಟರು. ಬೆಳಿಗ್ಗೆ, ಸಂಜೆ ಅರ್ಧ ತಾಸು ಲಿಂಗಪೂಜೆ. ಜೊತೆಗೆ ಬಂದಿದ್ದ ಗಂಡನಿಗೂ ತಾಕೀತು ಮಾಡಿದರು. ಅತ್ತೆಯಂತೂ ಹಿಗ್ಗಿ ವಿಭೂತಿ, ಪತ್ರೆ ಹೊಂದಿಸಿಟ್ಟರು. ಗೋಡೆಗೆ ಮುಖ ಮಾಡಿ, ಬರಿ ಅಂಗೈ ನೋಡುತ್ತಾ ಎರಡು ವಾರ ಕೂತೆ. ನನ್ನನ್ನು ಹಿಡಿಯಲೆಂದೇ ಹೂಡಿದ ಆಟವಿದು ಎಂದು ಆಕೆಯನ್ನು ಮನಸಾರೆ ಬೈದೆ.

ಮತ್ತೆ ಹೋದಾಗ, ಪೂಜೆ ಹೇಗೆ ನಡೆದಿದೆ ಎಂದರು. ನನ್ನ ಸಿಟ್ಟು ನೆತ್ತಿಗೇರಿತು. ಕರಡಿಗೆ ಬಿಚ್ಚಿ ಮೇಜಿನ ಮೇಲಿಟ್ಟು, "ನೋಡ್ಕೊಳ್ರಿ, ಇದರಾಗ ಏನೂ ಇಲ್ಲ. ಹೋಗಿ ನಿಮ್ಮೋರಿಗೆಲ್ಲ ಹೇಳ್ರಿ" ಎಂದೆ. ಲಿಂಗ ಎಲ್ಲಿದೆಯೆಂಬುದೂ ಬಾಯಿಂದ ಬಂದೇಬಿಟ್ಟಿತು.

ಆಕೆ ಕರಡಿಗೆಯನ್ನು ಮುಟ್ಟಲಿಲ್ಲ. ಅದಕ್ಕೂ ನನಗೆ ಅನುಮಾನವೇ. "ಗೊತ್ತಿಲ್ದ ನಿಮ್ಮನ್ನ ದಿನಾ ಎರಡು ಸಲ ಆ ಕೂಸಿನ ಮುಂದ ಕುಂದ್ರಿಸೀನಲ್ರಿ. ತಪ್ಪಾತು" ಎಂದರು.

ಮನೆಯಲ್ಲಿ ಯಾರೂ ಅವಳನ್ನು ಕೂಸು ಅಂದಿರಲಿಲ್ಲ. ಹೆರಿಗೆ ಕೆಟ್ಟಿತು ಅನ್ನುತ್ತಿದ್ದರು. ನಾನು ಆ ಕುರ್ಚಿಯಲ್ಲೇ ಗೋಳೋ ಎಂದು ಅತ್ತುಬಿಟ್ಟೆ.