ಚಾಚಿ ಹತ್ತಿದ ವಿಮಾನ

ನಮ್ಮ ಮನೆಯ ಗೂಟಕ್ಕೆ ಛತ್ರಿ, ಸಂತೆಚೀಲಗಳ ಜೊತೆ ಒಂದು ಕಪ್ಪು ಮುಖವಾಡವೂ ತೂಗುತ್ತದೆ. ಅದನ್ನು ಕಣ್ಣಿಗೆ ಕಟ್ಟಿಕೊಂಡರೆ ಸಿಂಧನೂರಿನ ಈ ಹತ್ತಡಿಯ ಕೋಣೆ ಮಾಯವಾಗಿ, ನೀವು ವಿಮಾನ ನಡೆಸುವವನ ಜಾಗದಲ್ಲಿ ಕೂತಿರುತ್ತೀರಿ. ತಲೆ ಹೊರಳಿಸಿದ ಕಡೆಯೆಲ್ಲ ಆಕಾಶ. ಇದಕ್ಕೆ ವಿಆರ್ ಹೆಡ್‌ಸೆಟ್ ಎನ್ನುತ್ತಾರೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ನೆಲದೊಳಕ್ಕೆ ಇಳಿದಿಳಿದು ನಿವೃತ್ತನಾದವನಿಗೆ ಮೇಲೇರುವ ಚಪಲ ಹುಟ್ಟಿದ್ದರಲ್ಲಿ ತಪ್ಪೇನು, ನೀವೇ ಹೇಳಿ. ಬೆಳಗಿನ ಚಹಾ ಮುಗಿಸಿ ಕಂಪ್ಯೂಟರಿನ ಮುಂದೆ ಕೂತರೆ, ಜವಳಗೇರಾದ ಗದ್ದೆ ಕಾಲುವೆಗಳ ಮೇಲೆ ಹಾರಿ, ಮಸ್ಕಿಯ ಗುಡ್ಡಕ್ಕೊಂದು ಸುತ್ತು ಹಾಕಿ, ಹೆಂಡತಿ ಊಟಕ್ಕೆ ಕರೆಯುವಷ್ಟರಲ್ಲಿ ಇಳಿಯುತ್ತೇನೆ. ಇಳಿದ ಮೇಲೂ ಒಂದಿಷ್ಟು ಹೊತ್ತು ನೆಲದ ಮೇಲಿನವರ ಮಾತು ನನಗೆ ಕೇಳಿಸುವುದಿಲ್ಲ ಎಂಬುದು ಅವಳ ದೂರು.

ಪಕ್ಕದ ಮನೆಯ ಮಾಬೂಬಿ ಚಾಚಿ ಉಮ್ರಾ ಯಾತ್ರೆಗೆ ಹೊರಡಬೇಕಿತ್ತು. ಮೆಕ್ಕಾ ನೋಡಬೇಕೆಂಬುದು ಅವರ ಆಯುಷ್ಯದ ಆಸೆ. ತಂಡ ಹೈದರಾಬಾದಿನಿಂದ ಹಾರಲು ವಾರವಿದೆ ಎನ್ನುವಾಗ, ವಿಮಾನವೆಂದರೆ ಎದೆ ನಡುಗುತ್ತದೆ, ಒಲ್ಲೆ ಎಂದು ಕೂತುಬಿಟ್ಟರು. ಶಾಲೆಯ ದಿನಗಳಿಂದ ನನ್ನ ಅಂಗಿಗಳನ್ನು ಹೊಲಿದುಕೊಟ್ಟವರು ಅವರು. ಅವರ ಭಯ ಬಿಡಿಸುವ ಹೊಣೆ ನನ್ನದೆಂದು ನಾನೇ ತೀರ್ಮಾನಿಸಿದೆ. ಗಣಿಗೆ ಹೊಸಬರನ್ನು ಮೊದಲ ಸಲ ಇಳಿಸುವಾಗ ನಾವು ಅವರ ಕಿವಿಯ ಹತ್ತಿರವೇ ನಿಂತು ಬಿಡದೆ ಮಾತಾಡುತ್ತಿದ್ದೆವು. ಚಾಚಿಗೂ ಹಾಗೆಯೇ ಮಾಡಿದರಾಯಿತು ಎಂದುಕೊಂಡೆ.

ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹೊದ್ದ ಸೆರಗಿನ ಮೇಲೆಯೇ ಮುಖವಾಡ ಕಟ್ಟಿದೆ. ವಿಮಾನವನ್ನು ನಾನೇ ಮೇಲೇರಿಸಿ, ಕಂಪ್ಯೂಟರಿಗೆ ಜೋಡಿಸಿದ ಚುಕ್ಕಾಣಿಯನ್ನು ಅವರ ಕೈಗೆ ಕೊಟ್ಟು, ಸುಮ್ಮನೆ ಹಿಡಿದಿರಿ ಎಂದು ಹೇಳಿ, ಪಕ್ಕದ ಸ್ಟೂಲಿನ ಮೇಲೆ ಕೂತು, ಅದು ಕಾಲುವೆ, ಇದು ನಿರಾಶ್ರಿತರ ಆರ್.ಎಚ್. ಕ್ಯಾಂಪ್ ಎಂದು ಹೇಳುತ್ತಾ ಹೋದೆ. ಬೆರಗಾದ ಚಾಚಿ ಪ್ರಯಾಣಕ್ಕೆ ಹೊರಟಾಗಲೆಲ್ಲ ತಾವು ಮಾಡುವುದನ್ನೇ ಮಾಡಿದರು: ಎರಡೂ ಕೈಗಳನ್ನು ಬಿಟ್ಟು, ಅಂಗೈ ಮೇಲೆತ್ತಿ ದುವಾ ಕೇಳತೊಡಗಿದರು. ವಿಮಾನ ವಾಲಿ, ಮೂತಿ ಕೆಳಗೆ ಮಾಡಿತು. ಪರದೆ ನೋಡುತ್ತಿದ್ದ ನನಗೆ, ನಾಚಿಕೆಯಿಂದಲೇ ಹೇಳುತ್ತೇನೆ, ನಗು ತಡೆಯಲಾಗಲಿಲ್ಲ.

ಆಗ ಚಾಚಿಯ ಕೈ ಗಾಳಿಯಲ್ಲಿ ತಡಕಾಡಿ ನನ್ನ ಭುಜವನ್ನು ಹುಡುಕಿತು. ಹಿಡಿದುಕೊಳ್ಳಲಿಕ್ಕೆ ಎಂದು ತಿಳಿದೆ. ಅವರು ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ನನ್ನನ್ನು ಆಚೆಗೆ ನೂಕಿದರು.

"ನೀ ಜಿಗಿ, ಮಗಾ. ನೀ ಮೊದಲ ಜಿಗಿ."

ನಾನು ಸ್ಟೂಲಿನಿಂದ ನೆಲಕ್ಕೆ ಬಿದ್ದೆ. ವಿಮಾನ ನೆಲಕ್ಕಪ್ಪಳಿಸಿ ಪರದೆ ಕಪ್ಪಾಯಿತು. ನನ್ನ ದನಿ ಪಕ್ಕದಲ್ಲೇ ಕೇಳುತ್ತಿತ್ತಲ್ಲ, ಅವರ ಪಾಲಿಗೆ ನಾನೂ ಅದೇ ವಿಮಾನದಲ್ಲಿದ್ದೆ. ಇದು ನನಗೆ ಆಗ ಹೊಳೆಯಿತು. ಗಣಿಯ ಕತ್ತಲಲ್ಲಿ ಎಂದಾದರೂ ಭಯವಾದಾಗ ನಾನು ಮೊದಲು ನೋಡಿಕೊಂಡದ್ದು ನನ್ನ ದಾರಿಯನ್ನೇ. ವಿಮಾನವೆಂದರೆ ನಡುಗುವ ಈ ಮುದುಕಿ, ತಾನು ಸಾಯುತ್ತಿದ್ದೇನೆಂದು ನಂಬಿದ ಗಳಿಗೆಯಲ್ಲಿ ನನ್ನನ್ನು ಉಳಿಸಲು ಹೊರಟಿದ್ದರು, ಮತ್ತು ನಾನು ನಗುತ್ತಿದ್ದೆ. ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರೋ. ನಾನು ಬಿದ್ದಲ್ಲೇ ಕೂತಿದ್ದೆ.

ಮುಖವಾಡ ಬಿಚ್ಚಿದಾಗ ಚಾಚಿಯ ಕೆನ್ನೆಗಳು ಒದ್ದೆಯಾಗಿದ್ದವು. ಮೊದಲು ನನ್ನ ತಲೆ, ಮೊಣಕೈ ಮುಟ್ಟಿ ನೋಡಿದರು. ತಪ್ಪಾಯಿತೆಂದೆ, ಯಾತ್ರೆಯ ಮಾತನ್ನು ಇನ್ನು ಎತ್ತುವುದಿಲ್ಲವೆಂದೆ. ಅವರು ನೀರು ಕುಡಿದು, ಮೆಲ್ಲಗೆ ಕೇಳಿದರು.

"ಖರೇ ವಿಮಾನದಾಗ ನೀ ಇರಂಗಿಲ್ಲಲ್ಲ?"

ಇಲ್ಲವೆಂದೆ.

"ಹಂಗಾರ ನಾ ಹೋಗಿ ಬರ್ತೀನಿ."