ಬಸ್ಸಿನಲ್ಲಿ ಸಿಕ್ಕ ದನಿ

ಅಡ್ಯಾರ್ ಬಸ್ಸಿನಲ್ಲಿ ಹಿಂದಿನಿಂದ ಯಾರೋ ಹೆಂಗಸು ಟಿಕೆಟ್ ಕೇಳಿದ ದನಿಗೆ, ಪಕ್ಕದಲ್ಲಿದ್ದ ಅಮ್ಮ ನನ್ನ ಕೈ ಹಿಡಿದರು. ಅಮ್ಮನಿಗೆ ಕಣ್ಣು ಕಾಣದು. ಸಂಜೆಯ ತಮಿಳು ಧಾರಾವಾಹಿಯನ್ನು ದಿನವೂ ತಪ್ಪದೆ ಕೇಳುತ್ತಾರೆ.

“ನಮ್ಮ ಸೀರಿಯಲ್ ಸೊಸೆ ಕಣೇ ಇವಳು.”

ತಿರುಗಿ ನೋಡಿದೆ. ಊಟದ ಬುಟ್ಟಿ ಹಿಡಿದು ನಿಂತವರಿಗೆ ಐವತ್ತು ದಾಟಿತ್ತು. ಟಿವಿಯ ಸೊಸೆ ಇನ್ನೂ ಚಿಕ್ಕ ಹುಡುಗಿ. ಹೇಳಿದರೂ ಅಮ್ಮ ಒಪ್ಪಲಿಲ್ಲ. ಸಂಕೋಚದಿಂದಲೇ ಅವರನ್ನು ವಿಚಾರಿಸಿದೆ.

ಅವರು, “ಹೌದಮ್ಮಾ, ಆ ಹುಡುಗಿಗೆ ದನಿ ಕೊಡೋದು ನಾನೇ. ಇಷ್ಟು ವರ್ಷದಲ್ಲಿ ಯಾರೂ ಗುರುತು ಹಿಡಿದಿರಲಿಲ್ಲ” ಎಂದು ತಮಿಳಿನಲ್ಲಿ ಹೇಳಿದರು. ನಾನು ಎದ್ದು ಜಾಗ ಕೊಟ್ಟೆ. ತಮ್ಮ ಹೆಸರು ಹೇಳಿ, ಇಳಿಯುವವರೆಗೂ ಅಮ್ಮನ ಕೈ ಹಿಡಿದೇ ಕುಳಿತಿದ್ದರು.

ಈಗ ಧಾರಾವಾಹಿ ಮುಗಿದರೂ ನಾನು ಟಿವಿ ಆರಿಸುವುದಿಲ್ಲ. ಕೊನೆಯಲ್ಲಿ ಸರಸರನೆ ಓಡುವ ಹೆಸರುಗಳಲ್ಲಿ ಅವರದನ್ನು ಹುಡುಕಿ ಅಮ್ಮನಿಗೆ ಓದಿ ಹೇಳುತ್ತೇನೆ.